ಯಾರ ಬಿಪಿ, ಯಾವ ಹೊತ್ತಿನ ಬಿಪಿ: ತೀರ್ಥಹಳ್ಳಿ ಸೀಮೆಯ ಒಂದು ಮನೆಯ ಪ್ರಕರಣ

ಆಷಾಢದ ಒಂದು ಬೆಳಿಗ್ಗೆ, ಮಳೆ ಹಿಡಿದು ನಾಲ್ಕನೇ ದಿನ, ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಿಂದ 64 ವರ್ಷದ ಅಮ್ಮನೊಬ್ಬರನ್ನು ಜೀಪಿನಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಹಣೆಯ ಎಡಗಡೆ ಎರಡು ಅಂಗುಲದ ಗಾಯ. ಬೆಳಗಿನ ಜಾವ ಬಚ್ಚಲೊಲೆಗೆ ಬೆಂಕಿ ಹಾಕಿ, ಕುಕ್ಕರುಗಾಲಲ್ಲಿ ಕೂತಿದ್ದವರು ಎದ್ದಿದ್ದಾರೆ, ಕಣ್ಣು ಕತ್ತಲೆ ಬಂದಿದೆ, ಹಂಡೆಯ ಕಟ್ಟೆಗೆ ತಲೆ ಬಡಿದಿದೆ. "ಬಿಪಿ ಏರಿ ಬಿದ್ಲು ಡಾಕ್ಟ್ರೇ" ಎಂದರು ಜೊತೆಗೆ ಬಂದಿದ್ದ ಯಜಮಾನರು. ಜೀಪಿನ ಡ್ರೈವರು, ಪಕ್ಕದ ಮನೆಯ ಹುಡುಗ, ನಮ್ಮ ಸಿಸ್ಟರ್ ಎಲ್ಲರೂ ಅದನ್ನೇ ನಂಬಿದ್ದರು. ಮೂರು ವರ್ಷದಿಂದ ಅವರಿಗೆ ಬಿಪಿ ಮಾತ್ರೆ ಬರೆಯುತ್ತಿದ್ದ ನಾನೂ ಅರೆಗಳಿಗೆ ನಂಬಿದೆ.

ಮಲಗಿಸಿ ನೋಡಿದಾಗ 144/82 ಇತ್ತು. ಹೊಲಿಗೆ ಮುಗಿಸಿ, ಹತ್ತು ನಿಮಿಷ ಬಿಟ್ಟು, ಸಿಸ್ಟರ್ ಒಂದು ಕಡೆ ಯಜಮಾನರು ಒಂದು ಕಡೆ ಹಿಡಿದು ನಿಲ್ಲಿಸಿದರು. ಒಂದು ನಿಮಿಷಕ್ಕೆ ಮತ್ತೆ ನೋಡಿದೆ: 112/68. "ಮತ್ತೆ ಹಂಗೇ ಆಗ್ತಿದೆ" ಎಂದು ಅಮ್ಮ ಕಣ್ಣು ಮುಚ್ಚಿಕೊಂಡರು.

ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ನಾವು ತೊಂದರೆ ಎಂದೇ ಗಣಿಸುತ್ತೇವೆ. ಇವರದು 32 ಮತ್ತು 14 ಇಳಿದಿತ್ತು. ಬಿದ್ದದ್ದು ಬಿಪಿ ಏರಿ ಅಲ್ಲ, ಇಳಿದು. ಇಳಿಸಿದವನು ನಾನು.

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರು ಬರೀ ಅಮ್ಮ, ಅವರ ಯಜಮಾನರು ಬರೀ ಗೌಡರು.

ಸೊನ್ನೆಗಳ ಚೀಟಿ

ನಮ್ಮ ಕಡೆಯ ಹೆಂಗಸರು ಡಾಕ್ಟರ ಚೀಟಿಯನ್ನು ಎಸೆಯುವುದಿಲ್ಲ. ಅಮ್ಮನ ಹತ್ತಿರ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮೂರು ವರ್ಷದ ಚೀಟಿಗಳು ಸಾಲಾಗಿದ್ದವು. ಮುಂದಿನ ವಾರ ಹೊಲಿಗೆ ಬಿಚ್ಚಿಸಲು ಬಂದಾಗ ಆ ಕವರನ್ನು ಮೇಜಿನ ಮೇಲೆ ಸುರಿಸಿಕೊಂಡು ಕೂತೆ. ನನ್ನದೇ ಕೈಬರಹ. 160/90. 160/90. 150/90. 170/100. ಇಲ್ಲಿಗೆ ಒಂದು ಮಾತ್ರೆ ಶುರು. 160/90. 160/100. ಎರಡನೇ ಮಾತ್ರೆ ಶುರು.

ಆರು ಚೀಟಿ, ಹನ್ನೆರಡು ಸಂಖ್ಯೆ, ಹನ್ನೆರಡೂ ಸೊನ್ನೆಯಲ್ಲಿ ಮುಗಿದಿವೆ. ಆಗ ನಾನು ಬಳಸುತ್ತಿದ್ದ ಪಾದರಸದ ಉಪಕರಣದಲ್ಲಿ ಗೆರೆಗಳು ಎರಡೆರಡರ ಅಂತರದಲ್ಲಿವೆ. ಪ್ರಾಮಾಣಿಕವಾಗಿ ಓದಿದರೆ ಕೊನೆಯ ಅಂಕೆ 0, 2, 4, 6, 8 ಯಾವುದಾದರೂ ಬರಬೇಕು. ಹನ್ನೆರಡು ಸಲವೂ ಸೊನ್ನೆಯೇ ತಾನಾಗಿ ಬರುವ ಸಾಧ್ಯತೆ ಸುಮಾರು 24 ಕೋಟಿಗೆ ಒಂದು. ಅಂದರೆ ನಾನು ಅಳೆದಿರಲಿಲ್ಲ, ಅಂದಾಜು ಮಾಡಿದ್ದೆ. ಹೊರಗೆ ಬೆಂಚಿನ ತುಂಬ ಜನ. ಪಾದರಸವನ್ನು ಬೇಗ ಬೇಗ ಇಳಿಸಿ, ಸದ್ದು ಕೇಳಿದ ಹತ್ತಿರದ ಹತ್ತಕ್ಕೆ ಕೂರಿಸಿ ಬರೆದಿದ್ದೆ. 1896ರಲ್ಲಿ ಇಟಲಿಯ ರಿವಾ ರೋಚಿ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ವಿಧಾನ ಕೊಟ್ಟ. 1905ರಲ್ಲಿ ರಷ್ಯಾದ ಕೊರೋಟ್ಕಾಫ್ ಸ್ಟೆತಸ್ಕೋಪ್ ಇಟ್ಟು ಯಾವ ಸದ್ದು ಎಲ್ಲಿ ಹುಟ್ಟಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿಸಿಕೊಂಡ. ನೂರು ವರ್ಷ ಕಳೆದರೂ ವಿಧಾನ ಅಷ್ಟೇ ಸರಳ. ಮಾಡುವವನಿಗೆ ಎರಡು ನಿಮಿಷದ ತಾಳ್ಮೆ ಇರಬೇಕು.

ಬರೀ ಸೊನ್ನೆಯದಾದರೆ ಐದು ಆಚೆ ಐದು ಈಚೆ ಆಗುತ್ತಿತ್ತು. ತಪ್ಪು ಅಷ್ಟಕ್ಕೇ ನಿಂತಿರಲಿಲ್ಲ. ಆ ಚೀಟಿಗಳ ದಿನಗಳಲ್ಲಿ ಅಮ್ಮ ಹೇಗೆ ಬಂದು ಹೇಗೆ ಕೂರುತ್ತಿದ್ದರು ಎಂದು ನೆನಪಿಸಿಕೊಂಡೆ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಮನೆಯಿಂದ ಒಂದೂವರೆ ಮೈಲಿ ನಡಿಗೆ, ಅದರಲ್ಲಿ ಅರ್ಧ ಏರು. ಬಸ್ಸಿನಲ್ಲಿ ನಿಂತೇ ಬರುವುದು. ನನ್ನ ಕ್ಲಿನಿಕ್ಕು ಮಹಡಿ ಮೇಲೆ, ಇಪ್ಪತ್ತೆರಡು ಮೆಟ್ಟಿಲು. ಮಧ್ಯೆ ಎಲ್ಲೂ ಮೂತ್ರಕ್ಕೆ ಹೋಗುವ ಅನುಕೂಲವಿಲ್ಲ. ಹೆಂಗಸರು ಅದನ್ನು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಸರದಿ ಬಂದ ಕೂಡಲೇ ಒಳಗೆ ಬಂದು ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂರುತ್ತಿದ್ದರು. ರವಿಕೆಯ ತೋಳನ್ನು ಮೇಲಕ್ಕೆ ಸುತ್ತಿ ಬಿಗಿಮಾಡಿ ಪಟ್ಟಿ ಕಟ್ಟುವುದು. ಕೈ ಕೆಳಗೆ ಜೋಲುತ್ತಿರುತ್ತದೆ. ಪಟ್ಟಿ ಉಬ್ಬುತ್ತಿರುವಾಗಲೇ ನಾನು "ಮಗಳು ಬಂದಿದ್ಲಾ? ಅಡಿಕೆಗೆ ಕೊಳೆ ಔಷಧಿ ಹೊಡೆಸಿದ್ರಾ?" ಎಂದು ವಿಚಾರಿಸುತ್ತಿದ್ದೆ. ಅವರು ಉತ್ತರ ಕೊಡುತ್ತಿದ್ದರು.

ಇದರಲ್ಲಿ ಒಂದೊಂದೂ ಬಿಪಿಯನ್ನು ಸ್ವಲ್ಪ ಸ್ವಲ್ಪ ಮೇಲಕ್ಕೆ ತಳ್ಳುತ್ತದೆ. ಮೂತ್ರಕೋಶ ತುಂಬಿದ್ದರೆ ಏರುತ್ತದೆ, ಮಾತಾಡಿದರೆ ಏರುತ್ತದೆ, ಕಾಲಿನ ಮೇಲೆ ಕಾಲು ಹಾಕಿದರೂ ಏರುತ್ತದೆ. ತೋಳು ಎದೆಯ ಮಟ್ಟದಿಂದ 10 ಸೆಂಟಿಮೀಟರ್ ಕೆಳಗಿದ್ದರೆ ಸಂಖ್ಯೆ 7ರಿಂದ 8 ಹೆಚ್ಚು ಬರುತ್ತದೆ. ಇದು ಶರೀರಶಾಸ್ತ್ರವೂ ಅಲ್ಲ, ತೊಟ್ಟಿಗಿಂತ ನಲ್ಲಿ ಕೆಳಗಿದ್ದಷ್ಟೂ ನೀರು ಜೋರಾಗಿ ಬರುವ ಲೆಕ್ಕ. ಇವೆಲ್ಲದರ ಮೇಲೆ ಪಟ್ಟಿಯ ಅಳತೆ. ಅಮ್ಮನದು ದಪ್ಪ ತೋಳು. ಟೇಪು ಹಿಡಿದು ನೋಡಿದೆ: ಸುತ್ತಳತೆ 34 ಸೆಂಟಿಮೀಟರ್. ನನ್ನ ಪಟ್ಟಿಯ ಮೇಲೆ 22ರಿಂದ 32 ಎಂದು ಅಚ್ಚಾಗಿತ್ತು, ಅದನ್ನು ನಾನು ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ತೋಳಿಗೆ ಪಟ್ಟಿ ಚಿಕ್ಕದಾದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡದಾದರೆ ಕಡಿಮೆ.

ಅವತ್ತು ಹೊಲಿಗೆ ಬಿಚ್ಚಿದ ಮೇಲೆ ಒಂದು ಪ್ರಯೋಗ ಮಾಡಿದೆವು. ಸ್ಟೂಲು, ಚಿಕ್ಕ ಪಟ್ಟಿ, ಜೋಲುವ ಕೈ, ಮಾತುಕತೆ, ಎಲ್ಲ ಹಳೇ ಪದ್ಧತಿಯಂತೆ: 164/92. ಆಮೇಲೆ ಮೂತ್ರಕ್ಕೆ ಹೋಗಿಬರಲು ಹೇಳಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ಪಾದ ನೆಲದ ಮೇಲೆ, ಕೈ ಮೇಜಿನ ಮೇಲೆ, ದೊಡ್ಡ ಪಟ್ಟಿ, ಯಾರೂ ಮಾತಾಡುವ ಹಾಗಿಲ್ಲ: 146/84. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ: 142/80. ಅದೇ ಮನುಷ್ಯರು, ಅದೇ ಕೋಣೆ, ಇಪ್ಪತ್ತು ನಿಮಿಷದ ಅಂತರ. ಗೌಡರು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. "ಅಲ್ಲ ಮಾರಾಯ್ರೇ, ತಕ್ಕಡೀಲಿ ಇಷ್ಟು ವ್ಯತ್ಯಾಸ ಬಂದ್ರೆ ನಾವು ಅಡಿಕೆ ಮಾರೋಕಾಗ್ತದಾ?" ಎಂದರು. ಉತ್ತರ ಕೊಡಲು ನನ್ನ ಹತ್ತಿರ ಮುಖವಿರಲಿಲ್ಲ.

ಇಷ್ಟು ಸರಿ ಮಾಡಿದ ಮೇಲೂ 142 ಯಾಕೆ ಉಳಿಯಿತು? ಅಲ್ಲಿ ಇನ್ನೊಂದು ಪದರ ಇದೆ. ಡಾಕ್ಟರ ಎದುರು ಕೂತಾಗಲೇ ಏರುವ ಬಿಪಿ ಅದು. ಆಸ್ಪತ್ರೆಯ ವಾಸನೆ, ಬಿಳಿ ಕೋಟು, 'ಏನು ಹೇಳ್ತಾರೋ' ಎಂಬ ಎದೆಬಡಿತ. ಮನೆಗೆ ಹೋದರೆ ಇಳಿಯುತ್ತದೆ. ಇವರಿಗೆ ಅದು ಎಷ್ಟಿದೆ ಎಂದು ತಿಳಿಯಲು ಮನೆಯಲ್ಲೇ ಅಳೆಯಬೇಕು.

ಪಂಪು, ಪೈಪು

ಬೆಂಗಳೂರಿನ ಮಗಳು ವಾರದೊಳಗೆ ಡಿಜಿಟಲ್ ಉಪಕರಣ ಕಳಿಸಿದಳು. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಕಟ್ಟುವುದೇ ಇರಲಿ, ಪಟ್ಟಿ ದೊಡ್ಡದಿರಲಿ ಎಂದು ಮೊದಲೇ ಹೇಳಿದ್ದೆ. ಕ್ಲಿನಿಕ್ಕಿಗೆ ತರಿಸಿ ನಮ್ಮದರ ಜೊತೆ ಹೋಲಿಸಿ ನೋಡಿದೆ. ಎರಡು ಮೂರು ಅಂಕೆಯ ವ್ಯತ್ಯಾಸ, ಪರವಾಗಿಲ್ಲ. ಎರಡೂ ತೋಳಿಗೆ ಕಟ್ಟಿ ನೋಡಿದೆ. ಒಂದಕ್ಕೂ ಇನ್ನೊಂದಕ್ಕೂ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಯೋಚಿಸಬೇಕು, ಮುಂದೆ ಹೆಚ್ಚು ಬರುವ ತೋಳನ್ನೇ ಅಳೆಯಬೇಕು. ಇವರಿಗೆ ಹಾಗಿರಲಿಲ್ಲ.

ಗೌಡರಿಗೆ ಉಪಕರಣಕ್ಕಿಂತ ಸಂಖ್ಯೆಯ ಮೇಲೆ ಕುತೂಹಲ. "ಮೇಲೊಂದು ಕೆಳಗೊಂದು ಯಾಕೆ? ಒಂದೇ ಬಿಪಿ ಅಲ್ವಾ?" ಎಂದು ಕೇಳಿದರು. ಅಡಿಕೆ ತೋಟದವರಿಗೆ ಇದನ್ನು ಹೇಳುವುದು ಸುಲಭ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಕೈಯಲ್ಲಿ ಜಗ್ಗುವ ಹಳೇ ಪಂಪನ್ನು ನೆನಪಿಸಿಕೊಳ್ಳಿ ಎಂದೆ. ಜಗ್ಗಿದಾಗ ಪೈಪಿನಲ್ಲಿ ಒತ್ತಡ ಏರುತ್ತದೆ. ಜಗ್ಗು ಬಿಟ್ಟ ಕ್ಷಣ ಪೂರ್ತಿ ಸೊನ್ನೆಗೆ ಬರುವುದಿಲ್ಲ, ಮರದ ತುದಿಯಲ್ಲಿ ಔಷಧಿ ಇನ್ನೂ ಚಿಮ್ಮುತ್ತಿರುತ್ತದೆ. ಹೃದಯ ಹಿಂಡಿದಾಗಿನ ಒತ್ತಡ ಮೇಲಿನ ಸಂಖ್ಯೆ, ಎರಡು ಹಿಂಡುಗಳ ನಡುವೆ ಉಳಿಯುವ ಒತ್ತಡ ಕೆಳಗಿನ ಸಂಖ್ಯೆ. ಪೈಪು ಹೊಸದಿದ್ದರೆ ಜಗ್ಗಿದಾಗ ತುಸು ಉಬ್ಬಿ, ಬಿಟ್ಟಾಗ ತಗ್ಗಿ, ಎರಡನ್ನೂ ಹದದಲ್ಲಿಡುತ್ತದೆ. ಹತ್ತು ಮಳೆಗಾಲ ಕಂಡು ಗಡಸಾದ ಪೈಪಿಗೆ ಆ ಉಬ್ಬು ಇಲ್ಲ. ಜಗ್ಗಿದಾಗ ಏಕ್‌ದಂ ಏರಿ, ಬಿಟ್ಟಾಗ ಏಕ್‌ದಂ ಇಳಿಯುತ್ತದೆ. ವಯಸ್ಸಾದವರ ರಕ್ತನಾಳವೂ ಹಾಗೆಯೇ. ಅದಕ್ಕೇ ಅರವತ್ತು ದಾಟಿದವರಲ್ಲಿ 158/74 ಎಂಬಂಥ ಸಂಖ್ಯೆಗಳು ಸಾಮಾನ್ಯ. ಕೆಳಗಿನದು ಸರಿ ಇದೆಯಲ್ಲ ಎಂದು ಬಿಡುವ ಹಾಗಿಲ್ಲ. ಆ ವಯಸ್ಸಿನಲ್ಲಿ ಮೇಲಿನದರ ಮೇಲೆಯೇ ಹೆಚ್ಚು ಕಣ್ಣಿಡಬೇಕು.

"ವಯಸ್ಸಿಗೆ ನೂರು ಕೂಡಿಸಿದ್ರೆ ಅವ್ರವ್ರ ಬಿಪಿ ಅಂತ ನಮ್ಮಪ್ಪ ಹೇಳ್ತಿದ್ರು. ನಂಗೆ ಅರವತ್ತೆಂಟು, ಅಂದ್ರೆ ನೂರ ಅರವತ್ತೆಂಟು ಇರ್ಬಹುದು" ಎಂದರು ಗೌಡರು. ಅವರ ಅಪ್ಪನ ಕಾಲದ ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು, ಅದು ತಪ್ಪು ಎಂದೆ. ವಯಸ್ಸಾದಂತೆ ಏರುವುದು ಸಾಮಾನ್ಯ, ಆದರೆ ಸಾಮಾನ್ಯವಾದದ್ದೆಲ್ಲ ಒಳ್ಳೆಯದಲ್ಲ. ಕೊಳೆರೋಗವೂ ಸಾಮಾನ್ಯವೇ.

ಅಮ್ಮನಿಗೆ ಕೊಟ್ಟ ಕ್ರಮ ಇಷ್ಟು: ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮತ್ತು ಕಾಫಿಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಪ್ರತಿ ಜೋಡಿಯ ನಡುವೆ ಒಂದು ನಿಮಿಷ. ಬಂದದ್ದನ್ನು ಬಂದ ಹಾಗೇ ಬರೆಯುವುದು, ಚೆನ್ನಾಗಿಲ್ಲ ಎಂದು ಬಿಡುವಂತಿಲ್ಲ. ಮೊದಲ ದಿನದ್ದನ್ನು ಹೊಸತರ ಗಾಬರಿ ಎಂದು ಕೈಬಿಟ್ಟು, ಉಳಿದ ಆರು ದಿನದ 24 ಸಂಖ್ಯೆಗಳ ಸರಾಸರಿ ತೆಗೆಯುವುದು. ಅಮ್ಮ ಏಳನೇ ಕ್ಲಾಸು ಓದಿದವರು, ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ನೋಟು ಪುಸ್ತಕಕ್ಕೆ ಗೆರೆ ಎಳೆದು ತಂದಿದ್ದರು.

ಸರಾಸರಿ 114/68. ಎರಡು ಮಾತ್ರೆಯ ಮೇಲೆ ಮನೆಯಲ್ಲಿ ಇವರ ಬಿಪಿ 114 ಇತ್ತು, ಬೆಳಿಗ್ಗೆ ಒಂದೆರಡು ಸಲ 102. ನನ್ನೆದುರು ಬಂದಾಗ 160 ಆಗುತ್ತಿತ್ತು. ನಾನು 160ಕ್ಕೆ ಔಷಧಿ ಕೊಡುತ್ತಾ ಹೋದೆ, ಅದು ಕೆಲಸ ಮಾಡಿದ್ದು 114ರ ಮೇಲೆ.

ಆ ಎರಡು ಮಾತ್ರೆಗಳಲ್ಲಿ ಟೆಲ್ಮಿಸಾರ್ಟಾನ್ ನಿಲ್ಲಿಸಿ ಅಮ್ಲೋಡಿಪಿನ್ 5 ಒಂದನ್ನೇ ಉಳಿಸಿದೆ. ಆರು ವಾರಕ್ಕೆ ಮನೆಯ ಸರಾಸರಿ 126/74, ಎದ್ದು ನಿಂತಾಗಿನ ಇಳಿತ ಬರೀ 6. ಕ್ಲಿನಿಕ್ಕಿನಲ್ಲಿ ಈಗಲೂ 148 ಬರುತ್ತದೆ, ನಾನು ಅದನ್ನು ಬರೆದುಕೊಂಡು ಸುಮ್ಮನಿರುತ್ತೇನೆ. ಆ ಒಂದು ಮಾತ್ರೆಯೂ ಬೇಕೋ ಬೇಡವೋ? ಅಳೆದು ನೋಡುತ್ತಾ ನಿಧಾನಕ್ಕೆ ನಿಲ್ಲಿಸಬಹುದು ಎಂದಿದ್ದೇನೆ. ಅಮ್ಮನಿಗೆ ಮನಸ್ಸಿಲ್ಲ. "ಇರ್ಲಿ ಡಾಕ್ಟ್ರೇ, ಅದು ಅಭ್ಯಾಸ ಆಗಿದೆ" ಎನ್ನುತ್ತಾರೆ. ಡಾಕ್ಟರ ಎದುರು ಮಾತ್ರ ಏರುವ ಬಿಪಿ ಪೂರ್ತಿ ನಿರುಪದ್ರವಿಯೇನೂ ಅಲ್ಲ. ಅಂಥವರಲ್ಲಿ ಕೆಲವರಿಗೆ ಮುಂದೆ ಖಾಯಂ ಆಗುತ್ತದೆ. ಹಾಗಾಗಿ ನಾನೂ ಒತ್ತಾಯಿಸಿಲ್ಲ.

ಇಲ್ಲಿಗೆ ಪ್ರಕರಣ ಮುಗಿಯಬೇಕಿತ್ತು.

ನೋಟು ಪುಸ್ತಕದ ಹಿಂದಿನ ಪುಟ

ಲೆಕ್ಕ ನೋಡಿ ಪುಸ್ತಕ ವಾಪಸು ಕೊಡುವಾಗ ಹಿಂದಿನ ರಟ್ಟಿನ ಒಳಗೆ ಇನ್ನೊಂದು ಪಟ್ಟಿ ಕಂಡಿತು. 158/96. 154/92. 161/97. 149/90. 157/95. "ಇದು ಯಾರದ್ದು?" ಎಂದೆ. ಅಮ್ಮ ಯಜಮಾನರ ಕಡೆ ನೋಡಿದರು. ಗೌಡರು ಮಾಡಿನ ಹಂಚು ಎಣಿಸುವವರಂತೆ ಮೇಲೆ ನೋಡಿದರು. "ಮಿಶನ್ ಸರಿ ಇದ್ಯಾ ಅಂತ ಇವ್ರು ದಿನಾ ತಮ್ಮ ಕೈಗೆ ಕಟ್ಕೊಂಡು ನೋಡ್ತಿದ್ರು. ಹೆಚ್ಚು ಬಂದ್ರೆ ಮಿಶನ್ ಹಾಳಾಗಿದೆ ಅಂತ ಬೈತಿದ್ರು. ನಾನು ಬರೆದಿಟ್ಟೆ" ಎಂದರು ಅಮ್ಮ.

ಗೌಡರ ಬಿಪಿಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೆಂಡತಿಯನ್ನು ಕರೆತಂದಾಗ "ನಂದೂ ಒಂದ್ಸಲ ನೋಡಿಬಿಡಿ" ಎನ್ನುತ್ತಿದ್ದರು. ಯಾವಾಗಲೂ 128, 130, 126, ಕೆಳಗೆ 80, 82. "ನೋಡಿ, ಹುಡುಗನ ಬಿಪಿ" ಎಂದು ಹೇಳಿ ಕಳಿಸಿದ್ದೂ ಇದೆ. ಮನೆಯಲ್ಲಿ ಹೆಚ್ಚು, ಡಾಕ್ಟರ ಎದುರು ಕಡಿಮೆ. ಹೆಂಡತಿಯದರ ಪೂರ್ತಿ ತಿರುಗುಮುರುಗು. ಇದನ್ನು ನಾವು ಮರೆಯಲ್ಲಿರುವ ಬಿಪಿ ಎನ್ನುತ್ತೇವೆ. ಮೊದಲನೆಯದಕ್ಕಿಂತ ಇದು ಹೆಚ್ಚು ಅಪಾಯ, ಯಾಕೆಂದರೆ ಇದನ್ನು ಯಾರೂ ಹುಡುಕುವುದಿಲ್ಲ.

ಯಾಕೆ ಹೀಗೆ? ಅವರ ದಿನವನ್ನು ಕೇಳಿದೆ. ನಾಲ್ಕೂವರೆಗೆ ಏಳುತ್ತಾರೆ. ಮುಖ ತೊಳೆದ ಕೂಡಲೇ ಎಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು. ಕೊಟ್ಟಿಗೆ ಕೆಲಸ ಮುಗಿಸಿ ಇನ್ನೊಂದು ಕವಳ. ರಾತ್ರಿ ಮಲಗುವ ಮುಂಚೆ ಮತ್ತೊಂದು. ಪೇಟೆಗೆ ಬಂದ ದಿನ ಮಾತ್ರ, ಎಲ್ಲಿ ಉಗುಳುವುದು ಎಂಬ ಸಂಕೋಚಕ್ಕೆ, ಬೆಳಿಗ್ಗೆ ಏಳರ ಮೇಲೆ ಬಾಯಿಗೆ ಹಾಕುವುದಿಲ್ಲ. ನನ್ನೆದುರು ಕೂರುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡು. ಬೆಂಚಿನ ಮೇಲೆ ಒಂದು ಗಂಟೆ ಕೂತು, ನಾಲ್ಕು ಊರಿನ ಸುದ್ದಿ ಮಾತಾಡಿ, ಆರಾಮಾಗಿ ಬಂದಿರುತ್ತಾರೆ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳ ಬಿಗಿಮಾಡುತ್ತದೆ, ಅರ್ಧ ಒಂದು ಗಂಟೆಯಲ್ಲಿ ಅದರ ಜೋರು ಇಳಿಯುತ್ತದೆ. ಬಿಪಿ ತಾನಾಗಿಯೂ ಬೆಳಗಿನ ಜಾವದಿಂದ ಏರುವ ಸ್ವಭಾವದ್ದು. ಎರಡೂ ಕೂಡುವ ಹೊತ್ತಿಗೆ ಗೌಡರು ತೋಟದಲ್ಲಿರುತ್ತಿದ್ದರು, ನಾನು ಹಾಸಿಗೆಯಲ್ಲಿ.

"ಬೇರೆ ಗುಳಿಗೆ ಏನಾದ್ರೂ?" ಎಂದು ಕೇಳಿದೆ. "ಎಂತದೂ ಇಲ್ಲ" ಎಂದರು. ಅಮ್ಮ ಮೆಲ್ಲಗೆ, "ಮಂಡಿಗೆ ತಗೊಳ್ತೀರಲ್ಲ" ಎಂದರು. ಜೇಬಿನಿಂದ ಹಾಳೆ ಹೊರಬಂತು: ಡೈಕ್ಲೋಫೆನಾಕ್. ಎರಡು ವರ್ಷದಿಂದ ದಿನಕ್ಕೆ ಒಂದು, ಕೊನೆಕೊಯ್ಲಿನ ಕಾಲದಲ್ಲಿ ಎರಡು. ನೋವಿನ ಮಾತ್ರೆಯನ್ನು ನಮ್ಮ ಜನ ಮಾತ್ರೆಯ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ಶುಂಠಿ ಕಷಾಯದ ಸಾಲಿನಲ್ಲಿದೆ. ಆ ಜಾತಿಯ ಮಾತ್ರೆಗಳು ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. (ಕಷಾಯದ ಮಾತು ಬಂತಲ್ಲ: ಮಳೆಗಾಲದ ಕೆಮ್ಮಿಗೆ ಜೇಷ್ಠಮಧು ಹಾಕಿ ತಿಂಗಳುಗಟ್ಟಲೆ ಕುಡಿಯುವವರಿಗೂ ಬಿಪಿ ಏರಿ, ಪೊಟ್ಯಾಸಿಯಂ ಇಳಿಯುವುದುಂಟು. ಅದನ್ನೂ ಕೇಳಿದೆ. ಇವರ ಮನೆಯಲ್ಲಿ ಅದು ಇರಲಿಲ್ಲ.)

ಈಗ ಒಂದು ಮನೆಯಲ್ಲಿ ಇಬ್ಬರು, ಇಬ್ಬರಿಗೂ ಎರಡೆರಡು ಬಗೆಯ ಸಂಖ್ಯೆ. ಯಾವುದನ್ನು ನಂಬುವುದು? ಸಂಖ್ಯೆಗಳು ಜಗಳವಾಡಿದಾಗ ಅಂಗಗಳನ್ನು ಸಾಕ್ಷಿ ಕೇಳಬೇಕು. ಹೆಚ್ಚಿನ ಒತ್ತಡ ವರ್ಷಗಟ್ಟಲೆ ಇದ್ದದ್ದೇ ಹೌದಾದರೆ ಅದು ಹೃದಯ, ಮೂತ್ರಪಿಂಡ, ಕಣ್ಣುಗಳಲ್ಲಿ ಗುರುತು ಬಿಟ್ಟಿರುತ್ತದೆ. ಇಬ್ಬರಿಗೂ ಒಂದೇ ಪರೀಕ್ಷೆಗಳನ್ನು ಮಾಡಿಸಿದೆ. ಕೆಲವು ಇಲ್ಲೇ, ಕೆಲವು ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ. ಮೂರು ವರ್ಷ 160 ಎಂದು ನಾನು ಬರೆದಿದ್ದ ಅಮ್ಮನ ಇಸಿಜಿ ಶುದ್ಧ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇಲ್ಲ, ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.8, ಕಣ್ಣಿನ ಪರದೆ ಚೆನ್ನಾಗಿದೆ. 'ಹುಡುಗನ ಬಿಪಿ'ಯ ಗೌಡರ ಇಸಿಜಿಯಲ್ಲಿ ಹೃದಯದ ಎಡ ಕೋಣೆಯ ಗೋಡೆ ದಪ್ಪವಾದ ಲಕ್ಷಣ. ಮೂತ್ರದಲ್ಲಿ ಅಲ್ಬುಮಿನ್. ಕ್ರಿಯಾಟಿನಿನ್ 1.4. ಕಣ್ಣಿನ ರಕ್ತನಾಳಗಳು ಕಿರಿದಾಗಿವೆ ಎಂದು ಕಣ್ಣಿನ ಡಾಕ್ಟರ ವರದಿ.

ಗೌಡರು ವರದಿ ಹಿಡಿದು ತುಂಬ ಹೊತ್ತು ಕೂತಿದ್ದರು. "ನಂಗೆ ತಲೆನೋವಿಲ್ಲ, ತಲೆ ಸುತ್ತಿಲ್ಲ, ಎಂತದೂ ಇಲ್ವಲ್ಲ." ಇಲ್ಲದಿರುವುದೇ ಇದರ ಗುಣ. ಬಿಪಿ ಏರಿದವರಲ್ಲಿ ಬಹುಪಾಲು ಜನರಿಗೆ ಏನೂ ಗೊತ್ತಾಗುವುದಿಲ್ಲ; ತಲೆ ಸುತ್ತಿದವರು ಅವರ ಹೆಂಡತಿ, ಅದೂ ಬಿಪಿ ಇಳಿದದ್ದಕ್ಕೆ.

ಉಪ್ಪಿನ ಲೆಕ್ಕ

ಡೈಕ್ಲೋಫೆನಾಕ್ ಬಂದ್. ಮಂಡಿಗೆ ಬೇಕಾದಾಗ ಪ್ಯಾರಾಸಿಟಮಾಲ್, ಅದೂ ಮಿತಿಯಲ್ಲಿ, ಜೊತೆಗೆ ತೊಡೆಯ ಸ್ನಾಯು ಬಿಗಿಮಾಡುವ ವ್ಯಾಯಾಮ. ಹೊಗೆಸೊಪ್ಪಿನ ಬಗ್ಗೆ ಒಂದು ಗಂಟೆ ವಾದ ಆಯಿತು. ಮಾತ್ರೆ ಟೆಲ್ಮಿಸಾರ್ಟಾನ್ 40, ಅಂದರೆ ಅಮ್ಮನಿಗೆ ನಿಲ್ಲಿಸಿದ್ದೇ. "ಮನೇಲಿ ಎರಡು ಶೀಟ್ ಉಳಿದಿದೆ, ದುಡ್ಡು ಉಳೀತು" ಎಂದರು ಗೌಡರು. ಈ ಸಲ ಅದೇ ಮಾತ್ರೆ, ಅವಧಿ ಮುಗಿದಿಲ್ಲ, ಆದದ್ದಾಗಲಿ. ಆದರೆ ಹೆಂಡತಿ ಗುಳಿಗೆ ಗಂಡ ನುಂಗುವ ಪದ್ಧತಿ ಬೇಡ ಎಂದು ಕೈಮುಗಿದೆ. ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿದೆವು. ಈ ಮಾತ್ರೆಗೆ ಅದು ಕಡ್ಡಾಯ.

ಉಪ್ಪಿನ ವಿಷಯಕ್ಕೆ ಅಮ್ಮನನ್ನೇ ಕೇಳಿದೆ. "ನಾವೆಂತ ಉಪ್ಪು ತಿಂತೇವೆ? ಸಪ್ಪೆ ಊಟ" ಎಂದರು. ಹಾಗೆ ಕೇಳಿದರೆ ಎಲ್ಲರೂ ಹಾಗೇ ಹೇಳುತ್ತಾರೆ. ಒಂದು ಕಿಲೋ ಪ್ಯಾಕೆಟ್ಟು ಎಷ್ಟು ದಿನ ಬರುತ್ತದೆ ಎಂದು ಕೇಳಬೇಕು. ತಿಂಗಳಿಗೆ ಒಂದು. 1000 ಗ್ರಾಮನ್ನು 30 ದಿನಕ್ಕೆ, ಇಬ್ಬರಿಗೆ ಹಂಚಿದರೆ ತಲೆಗೆ ದಿನಕ್ಕೆ 16 ಗ್ರಾಮಿನ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5ಕ್ಕಿಂತ ಕಡಿಮೆ. ಅಮ್ಮ ಸುಮ್ಮನೆ ಒಪ್ಪಲಿಲ್ಲ: "ಕೆಲಸದವ್ರ ಊಟ ಇದೆ, ದನದ ಅಕ್ಕಚ್ಚಿಗೆ ಒಂದು ಹಿಡಿ ಹೋಗ್ತದೆ." ಸರಿ, ಮೂರನೇ ಒಂದು ಭಾಗ ಕಳೆಯೋಣ ಎಂದೆ. ಆದರೂ 11. ಇದರಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ ಸೇರಿಲ್ಲ, ಅದಕ್ಕೆ ಬೇರೆ ಹರಳುಪ್ಪು. ಮಳೆಗಾಲಕ್ಕೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಸೇರಿಲ್ಲ. ಸುಟ್ಟು ತಿನ್ನುವ ಒಣಮೀನು ಸೇರಿಲ್ಲ. "ಇಂದುಪ್ಪು ತಿಂದ್ರೆ ಆಗ್ತದಂತಲ್ಲ" ಎಂದರು ಗೌಡರು. ಇಂದುಪ್ಪೂ ಸೋಡಿಯಂ ಕ್ಲೋರೈಡೇ, ಬಣ್ಣ ಬೇರೆ ಅಷ್ಟೆ. ಪೊಟ್ಯಾಸಿಯಂ ಸೇರಿಸಿದ ಉಪ್ಪು ಬೇರೆ ಸಿಗುತ್ತದೆ, ಹಲವರಿಗೆ ಒಳ್ಳೆಯದೂ ಹೌದು. ಟೆಲ್ಮಿಸಾರ್ಟಾನ್ ತಿನ್ನುವ, ಮೂತ್ರಪಿಂಡ ಸ್ವಲ್ಪ ಸೋತಿರುವ ಗೌಡರಿಗೆ ಅದು ಬೇಡ.

ಭರಣಿಯನ್ನು ಮುಚ್ಚಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಯಾರಿಗಾದರೂ ಮಿಡಿ ಬಿಡಿ ಎನ್ನುವುದು ಹೇಗೆ? ಮಧ್ಯಾಹ್ನ ಒಂದು ಮಿಡಿ, ರಸ ಇಲ್ಲದೆ, ಎಂದು ರಾಜಿಯಾಯಿತು. ಒಣಮೀನು ವಾರಕ್ಕೊಮ್ಮೆ, ನೆನೆಸಿ ನೀರು ಚೆಲ್ಲಿ.

ರಾತ್ರಿ ಹತ್ತರ ಫೋನು

ಮಾತ್ರೆ ಶುರುವಾಗಿ ಎಂಟನೇ ದಿನ ರಾತ್ರಿ ಅಮ್ಮನ ಫೋನು. ಗೌಡರಿಗೆ 184/104 ತೋರಿಸುತ್ತಿದೆ, ಜೀಪು ಹೇಳಲಾ ಎಂದು ಕೇಳಿದರು. ಮುಖ ಓರೆಯಾಗಿದೆಯಾ? ಕೈಕಾಲಿಗೆ ಶಕ್ತಿ ಇದೆಯಾ? ಮಾತು ತೊದಲುತ್ತಿದೆಯಾ? ಎದೆನೋವು, ಏದುಸಿರು, ಕಣ್ಣು ಮಂಜು? ಒಂದೂ ಇಲ್ಲ. ಹಿಂದಿನಿಂದ ಗೌಡರ ದನಿ ಕೇಳುತ್ತಿತ್ತು, ತೊದಲದೆ ಬೈಯುತ್ತಿದ್ದರು. ಅವರೆದುರು ಯಾರೂ ಮಾತಾಡದೆ ಕಾಲು ಗಂಟೆ ಕೂರಿಸಿ ಮತ್ತೆ ನೋಡಿ ಎಂದೆ. 162/96. ನಾಳೆ ಬನ್ನಿ ಸಾಕು ಎಂದೆ.

ಆ ಲಕ್ಷಣಗಳಲ್ಲಿ ಒಂದಿದ್ದರೂ ಮತ್ತೆ ಅಳೆಯುತ್ತಾ ಕೂರಲು ಹೇಳುತ್ತಿರಲಿಲ್ಲ. ಲಕ್ವದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಿಗುವ ಸಮಯ ನಾಲ್ಕೂವರೆ ಗಂಟೆ. ಅವರ ಮನೆಯಿಂದ ಮಳೆಯ ರಾತ್ರಿ ಶಿವಮೊಗ್ಗ ತಲುಪಲು ಎರಡು ಗಂಟೆ ಬೇಕು. ಲಕ್ಷಣ ಇಲ್ಲದೆ ಬರೀ ಸಂಖ್ಯೆ ಹೆಚ್ಚಿದ್ದರೆ ಆತುರಪಟ್ಟು ಇಳಿಸುವುದೇ ಅಪಾಯ. ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ಪದ್ಧತಿಯನ್ನು ನಾನೂ ಕಲಿತವನೇ. ಬಿಪಿ ದಡಕ್ಕನೆ ಇಳಿದು ಅದರಿಂದಲೇ ಲಕ್ವ, ಹೃದಯಾಘಾತ ಆದದ್ದುಂಟು ಎಂದು ಆಮೇಲೆ ಅದನ್ನು ಬಿಟ್ಟೆವು.

ಅವತ್ತು ಹೆಚ್ಚಲು ಕಾರಣ ಮಾರನೇ ದಿನ ತಿಳಿಯಿತು: ಹೊಗೆಸೊಪ್ಪು ಬಿಟ್ಟ ಸಿಟ್ಟಿಗೆ ಊಟ ಮಾಡದೆ ಮಲಗಿ, ಒಂಬತ್ತೂವರೆಗೆ ಎದ್ದು ಗುಟ್ಟಾಗಿ ಒಂದು ಕವಳ.

ಮಗಳು ಬೆಂಗಳೂರಿನಿಂದ ಕರೆ ಮಾಡಿದ್ದಳು. ಅಮೆರಿಕದಲ್ಲಿ 130 ಆದರೆ ಬಿಪಿ ಅಂತೆ, ನೀವು 140 ಅಂತೀರಿ, ಯಾವುದು ಸರಿ? ಒಳ್ಳೆಯ ಪ್ರಶ್ನೆ. ಅಮೆರಿಕದ ಹೃದ್ರೋಗ ಸಂಘಟನೆಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದವು. ಅಂತಾರಾಷ್ಟ್ರೀಯ ರಕ್ತದೊತ್ತಡ ಸೊಸೈಟಿ 2020ರಲ್ಲೂ ಕ್ಲಿನಿಕ್ಕಿನ ಅಳತೆಗೆ 140/90 ಎಂದೇ ಉಳಿಸಿಕೊಂಡಿತು; ನಮ್ಮ ಸರ್ಕಾರಿ ಆಸ್ಪತ್ರೆಗಳೂ ಅದನ್ನೇ ಪಾಲಿಸುತ್ತವೆ. ಮನೆಯ ಸರಾಸರಿಗೆ ಅದು 135/85. ಗೆರೆ ಎಳೆದವರು ನಾವು, ರಕ್ತನಾಳಕ್ಕೆ ಗೆರೆ ಗೊತ್ತಿಲ್ಲ. 40ರಿಂದ 69 ವಯಸ್ಸಿನವರಲ್ಲಿ 115/75ರಿಂದ ಮೇಲಕ್ಕೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಏರಿದಾಗಲೆಲ್ಲ ಲಕ್ವ ಮತ್ತು ಹೃದಯಾಘಾತದ ಸಾವಿನ ಸಂಭವ ಸುಮಾರು ದುಪ್ಪಟ್ಟಾಗುತ್ತದೆ. ಅದು ಮೆಟ್ಟಿಲಲ್ಲ, ಘಾಟಿಯ ಹಾಗೆ ನಿಧಾನದ ಏರು. ಮೂತ್ರದಲ್ಲಿ ಅಲ್ಬುಮಿನ್ ಇರುವ ನಿಮ್ಮಪ್ಪನಿಗೆ ನಾನೂ 130ರ ಕೆಳಗೇ ನೋಡುತ್ತೇನೆ, ಎದ್ದು ನಿಂತಾಗ ತಲೆ ಸುತ್ತದಿದ್ದರೆ. ನಿಮ್ಮಮ್ಮನಿಗೆ ಅಷ್ಟು ಹಟ ಬೇಡ ಎಂದೆ.

ಗೌಡರ ಮನೆಯ ಸರಾಸರಿ ಮೊದಲ ವಾರ 156/94 ಇತ್ತು. ಆರು ವಾರಕ್ಕೆ 141/87. ಅಮ್ಲೋಡಿಪಿನ್ 5 ಸೇರಿಸಿದೆ. ಪಾದ ತುಸು ಊದಿಕೊಂಡಿತು, ಆ ಮಾತ್ರೆಗೆ ಅದು ಇದ್ದದ್ದೇ, ತಡೆದುಕೊಂಡರು. ನಾಲ್ಕನೇ ತಿಂಗಳಿಗೆ 129/79. ಕ್ರಿಯಾಟಿನಿನ್ 1.2ಕ್ಕೆ ಬಂದಿದೆ, ನೋವಿನ ಮಾತ್ರೆ ಬಿಟ್ಟದ್ದಕ್ಕೇ ಇರಬೇಕು. ಇದು ಚಳಿಯ ಅಳತೆ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬೇಸಿಗೆಗೆ ಸಡಿಲಾಗುತ್ತದೆ. ಯುಗಾದಿಯ ಹೊತ್ತಿಗೆ ಮತ್ತೊಂದು ವಾರ ಅಳೆದು, ಇಳಿದಿದ್ದರೆ ಮಾತ್ರೆ ಕಡಿಮೆ ಮಾಡಬೇಕಾಗಬಹುದು. ಕ್ಲಿನಿಕ್ಕಿನಲ್ಲಿ ಸ್ಟೂಲು ತೆಗೆಸಿ ಕುರ್ಚಿ ಹಾಕಿಸಿದ್ದೇನೆ. ಮೂರು ಅಳತೆಯ ಪಟ್ಟಿ ಇವೆ. ಮೂಲೆಯಲ್ಲಿ ಒಂದು ಟೇಪು ನೇತುಹಾಕಿದೆ.

ಹೋದ ವಾರ ಗಂಡ ಹೆಂಡತಿ ಬಂದಿದ್ದರು. ಅಮ್ಮನ ನೋಟು ಪುಸ್ತಕದಲ್ಲಿ ಈಗ ಎರಡು ಕಾಲಂ, ಕೊನೆಯಲ್ಲಿ ಷರಾ ಬರೆಯಲು ಜಾಗ. ಗೌಡರ ಕಾಲಂನಲ್ಲಿ 126, 131, 128, 124. ನಡುವೆ ಒಂದು ಸಂಜೆ 152/91. ಎದುರಿಗೆ ಅಮ್ಮನ ದುಂಡಗಿನ ಅಕ್ಷರ: 'ವ್ಯಾಪಾರಿ ಬಂದಿದ್ದ. ರಾಶಿ ಇಡಿ ಅಡಿಕೆಗೆ ರೇಟು ಇಲ್ಲ ಅಂದ.'